ಚಿಕ್ಕ ಗುಡ್ಡದ ಊರಿನ ಗೋಷ್ಠಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವತೀರದಲ್ಲಿ, ಬರ್ಕ್ಲಿ ನಗರಕ್ಕೆ ಉತ್ತರವಾಗಿ ಎಲ್ ಸೆರಿಟೊ ಎಂಬ ಊರಿರುವುದು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ಚಿಕ್ಕ ಗುಡ್ಡವೆಂದೇ ಅರ್ಥ. ಉದ್ಯೋಗನಿಮಿತ್ತ ಆ ಪ್ರಾಂತದಲ್ಲಿ ನೆಲಸಿರುವ ಮಕ್ಕಳನ್ನು ಕಾಣಲು ಹೋಗಿಬರುವ ತಾಯಿತಂದೆಗಳು ಈಗ ನಮ್ಮಲ್ಲಿ ಕಡಮೆಯಿಲ್ಲ; ನಾವೂ ಅಂತಹವರಲ್ಲೊಬ್ಬರು. ಗೋಪುರವಾಗಲಿ ಅರಮನೆಯಾಗಲಿ ಇಲ್ಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಮನೆಗಳು, ಕೆಳಗೆ ರೈಲುದಾರಿ, ಅದರಾಚೆ ಕೊಲ್ಲಿಯ ನೀರು, ಇಷ್ಟೆ. ಆದರೂ ಲೋಕವೆಲ್ಲ ಕೇಳಿದ ಒಂದು ವಾದ್ಯಗೋಷ್ಠಿಯು ಹುಟ್ಟಿದುದು ಇಲ್ಲಿಯೇ.

1959ರಲ್ಲಿ ಈ ಊರಿನ ಪೋರ್ಟೋಲಾ ಶಾಲೆಯ ಜಾನ್ ಫೊಗರ್ಟಿ, ಸ್ಟೂ ಕುಕ್, ಡಗ್ ಕ್ಲಿಫರ್ಡ್ ಎಂಬ ಮೂವರು ಹುಡುಗರು ಕೂಡಿ ಬಾರಿಸತೊಡಗಿದರು. ಮೂವರೂ 1945ರಲ್ಲಿ ಹುಟ್ಟಿದವರು. ಈ ಪ್ರಾಯದವರು ಮೇಜು ಬಾರಿಸುವುದನ್ನು ಜೀವಮಾನವೆಲ್ಲ ಕೇಳಿದ ನಮಗೆ ಅದರಲ್ಲೇನೂ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಜಾನನ ಅಣ್ಣನ ನಡತೆಯಲ್ಲಿ. 1941ರಲ್ಲಿ ಹುಟ್ಟಿದ ಟಾಮನೇ ಮೊದಲು ಮುಂದೆ ನಿಂತು ಹಾಡುತ್ತಿದ್ದವನು. ಹುಡುಗರು ಅವನಿಗೆ ಹಿಮ್ಮೇಳ. ತಮ್ಮನ ಕಂಠವೇ ಮೇಲೆಂದು ತಿಳಿದ ಬಳಿಕ ಆ ಸ್ಥಾನವನ್ನು ಅವನಿಗೆ ಬಿಟ್ಟುಕೊಟ್ಟು, ತಾನು ಪಕ್ಕದಲ್ಲಿ ಗಿಟಾರು ಹಿಡಿದು ನಿಂತನು. ಮುಂದಿನ ಏಳಿಗೆಗೆಲ್ಲ ಇದೇ ತಳಹದಿಯೆಂದು ನಮ್ಮ ಎಣಿಕೆ.

1964ರಲ್ಲಿ ಫ್ಯಾಂಟಸಿ ಎಂಬ ಧ್ವನಿಮುದ್ರಣ ಸಂಸ್ಥೆಯು ಇವರನ್ನು ಸೇರಿಸಿಕೊಂಡು, ‘ಗಾಲಿವಾಗ್ಸ್’ ಎಂಬ ಗೊಂಬೆಯ ಹೆಸರನ್ನಿಟ್ಟಿತು. ಅವರಿಗದು ಹಿಡಿಸಲಿಲ್ಲ; ಹೆಸರಿನಂತೆಯೇ ಆ ವರ್ಷಗಳೂ ಸೊರಗಿದುವು. 1968ರಲ್ಲಿ ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್’ ಎಂದು ಹೆಸರು ಬದಲಾಯಿತು. ಅದೇ ವರ್ಷ ಮೊದಲನೆಯ ಧ್ವನಿಮುದ್ರಿಕೆ. 1969 ಒಂದರಲ್ಲಿಯೇ ಮೂರು!

ಇವರ ಸಂಗೀತವನ್ನು ‘ರೂಟ್ಸ್ ರಾಕ್’ ಎನ್ನುವರು. ಕರಿಯರ ಬ್ಲೂಸ್ ಹಾಡು, ಹಳ್ಳಿಗರ ಪದ, ಇಂತಹ ಹಳೆಯ ಬೇರುಗಳಿಗೆ ವಿದ್ಯುತ್ ಗಿಟಾರಿನ ನಾದವನ್ನು ಕೂಡಿಸಿದ ಬಗೆ ಅದು. ಕೇಳಿದವರು ಹಲವರು ಇವರನ್ನು ದಕ್ಷಿಣದ ಲೂಸಿಯಾನದ ಜವುಗುನಾಡಿನವರೆಂದೇ ಬಗೆದರು. ಅಲಕಾನಗರಿಯನ್ನು ಬಣ್ಣಿಸಲು ಕಾಳಿದಾಸನು ಅಲ್ಲಿಗೆ ಹೋಗಿಬರಬೇಕಾಗಿತ್ತೆ? ಇನ್ನೂ ಸೊಗಸೆಂದರೆ, ‘ಗ್ರೀನ್ ರಿವರ್’ ಎಂಬ ಹಾಡಿನ ನದಿಯು ದಕ್ಷಿಣದ್ದಲ್ಲವೇ ಅಲ್ಲ. ಎಲ್ ಸೆರಿಟೊಗೆ ಈಶಾನ್ಯದಲ್ಲಿ, ವಿಂಟರ್ಸ್ ಎಂಬ ಊರಿನ ಬಳಿ ಹರಿಯುವ ಪ್ಯೂಟಾ ಹೊಳೆ ಅದು. ಜಾನನು ಬಾಲ್ಯದಲ್ಲಿ ಮನೆಯವರೊಡನೆ ರಜೆ ಕಳೆಯುತ್ತಿದ್ದ ತಾಣ.

ಆ ಹೊಳೆಯನ್ನು ನೋಡಲೆಂದೇ ನಾವು ವಿಂಟರ್ಸಿಗೆ ಹೋದೆವು. ಮೇಲುಗಡೆಯಲ್ಲಿ 1957ರಲ್ಲಿ ಮುಗಿದ ಮಾಂಟಿಸೆಲೊ ಅಣೆಕಟ್ಟು. ಅದೇ ಹೆಸರಿನ ಊರೊಂದು ಅದರ ನೀರಿನಡಿ ಸೇರಿಹೋಗಿದೆ. ಕೆಳಗೆ ಹೊಳೆಯು ಗಿಡಮರಗಳ ನೆರಳಿನಲ್ಲಿ ತಣ್ಣಗೆ ಹರಿಯುತ್ತಿದ್ದಿತು. ಇಬ್ಬರು ಗಾಳ ಹಾಕಿ ಕುಳಿತಿದ್ದರು. ಹೇಮಾವತಿಯ ದಂಡೆಯಲ್ಲಿ ಬೆಳೆದವರಿಗೆ ಇದನ್ನು ನದಿಯೆನ್ನಲು ಸ್ವಲ್ಪ ಸಂಕೋಚವಾದೀತು. ಆದರೆ ಹುಡುಗನ ಕಣ್ಣಿಗೆ ಅಷ್ಟು ನೀರೇ ಸಾಕಾಗಿತ್ತು.

ತಮ್ಮನಿಗೆ ಎಡೆಮಾಡಿಕೊಟ್ಟ ಟಾಮನು 1971ರಲ್ಲಿ ಗೋಷ್ಠಿಯನ್ನು ಬಿಟ್ಟುಹೋದನು. 1990ರಲ್ಲಿ ಅವನು ತೀರಿಕೊಂಡಾಗಲೂ ಸೋದರರ ಮನಸ್ತಾಪ ನೀಗಿರಲಿಲ್ಲ.