ಓಡಿಸಲಾಗದ ಸೈಕಲ್ಲು

ಸೈಕಲ್ಲಿನ ಮೇಲೆ ಯಾರೂ ಇಲ್ಲ. ಡೇವಿಡ್ ಜೋನ್ಸ್ ಅದನ್ನು ರಭಸದಿಂದ ತಳ್ಳಿ ಕೈಬಿಟ್ಟಿದ್ದಾರೆ. ಇನ್ನೇನು ಬಿತ್ತು ಅನ್ನುವಷ್ಟರಲ್ಲಿ, ಎಡಕ್ಕೆ ವಾಲಿದ ಸೈಕಲ್ಲಿನ ಹ್ಯಾಂಡಲ್ಲು ತಾನಾಗಿ ಎಡಕ್ಕೆ ಹೊರಳುತ್ತದೆ. ಬೀಳುತ್ತಿರುವ ಭಾರದ ಅಡಿಗೆ ಚಕ್ರಗಳು ಬಂದು ನಿಲ್ಲುತ್ತವೆ. ಸೈಕಲ್ಲು ನೆಟ್ಟಗಾಗುತ್ತದೆ. ಆಮೇಲೆ ಬಲಕ್ಕೆ ವಾಲಿ, ಮತ್ತೆ ನೆಟ್ಟಗೆ. ವೇಗ ಪೂರ್ತಿ ಇಳಿಯುವ ತನಕ ಮಲಗುವ ಮಾತೇ ಇಲ್ಲ.

1960ರ ದಶಕದ ಕೊನೆಯ ಇಂಗ್ಲೆಂಡ್ ಇದು. ಜೋನ್ಸ್ ರಸಾಯನವಿಜ್ಞಾನಿ. ಹಿಡಿದಿರುವ ಹಟ ಮಾತ್ರ ವಿಚಿತ್ರ: ಯಾರಿಗೂ ಓಡಿಸಲಾಗದ ಸೈಕಲ್ಲೊಂದನ್ನು ಕಟ್ಟಬೇಕು. ಏನನ್ನು ಕೆಡಿಸಿದರೆ ಸೈಕಲ್ಲು ಬೀಳುತ್ತದೋ ಅದೇ ಅದನ್ನು ನಿಲ್ಲಿಸಿದ್ದು ಎಂಬ ಲೆಕ್ಕ. ಚಕ್ರದ ಬುಗುರಿಗುಣವೇ ಕಾರಣ ಅನ್ನುವವರಿದ್ದರಲ್ಲ, ಅದಕ್ಕೇ ಮೊದಲನೆಯದರಲ್ಲಿ ಮುಂಚಕ್ರದ ಪಕ್ಕ ಇನ್ನೊಂದು ಚಕ್ರ ಕಟ್ಟಿ ಹಿಮ್ಮುಖವಾಗಿ ತಿರುಗಿಸಿದರು. ಹತ್ತಿ ಕೂತರೆ ಸಲೀಸಾಗಿ ಓಡಿತು. ಎರಡನೆಯದಕ್ಕೆ ಮುಂಚಕ್ರದ ಜಾಗದಲ್ಲಿ ಕುರ್ಚಿ ಕಾಲಿಗೆ ಹಾಕುವಂಥ ಪುಟ್ಟ ಗಾಲಿ. ಅದೂ ಓಡಿತು!

ನೀವೀಗ ನೋಡಿದ್ದು ಮೂರನೆಯದು. ಹತ್ತಿರ ಬನ್ನಿ. ಫೋರ್ಕು ಹಿಂದುಮುಂದಾಗಿದೆ, ಮುಂದಕ್ಕೆ ಬಾಗಿರಬೇಕಾದ ಅದರ ಕಾಲುಗಳು ಸವಾರನ ಕಡೆಗೆ ಬಾಗಿವೆ. ಮಂಡಿಯೂರಿ, ಹ್ಯಾಂಡಲ್ಲು ತೂರಿಸಿರುವ ಓರೆ ಕೊಳವೆಯ ನೇರಕ್ಕೆ ನೆಲದವರೆಗೆ ಒಂದು ದಾರ ಹಿಡಿಯಿರಿ. ದಾರ ನೆಲ ಮುಟ್ಟುವುದು ಮುಂದೆ, ಟೈರು ನೆಲ ಮುಟ್ಟುವುದು ಅದಕ್ಕಿಂತ ಹಿಂದೆ. ಈ ಎರಡರ ನಡುವಿನ ಅಂತರವೇ ಟ್ರೇಲ್.

ಫೋರ್ಕು ಮುಂದಕ್ಕೆ ಚಾಚಿದಷ್ಟೂ, ಅಂದರೆ ಆಫ್‌ಸೆಟ್ ಹೆಚ್ಚಿದಷ್ಟೂ, ಟ್ರೇಲ್ ಕಡಿಮೆ. ಸೈಕಲ್ಲು ಬಲ್ಲವರಲ್ಲೂ ಇದನ್ನು ಉಲ್ಟಾ ಹೇಳುವವರಿದ್ದಾರೆ. ಇಂದಿನ ರೋಡ್ ಬೈಕೊಂದನ್ನು ತೆಗೆದುಕೊಳ್ಳಿ: ಕೊಳವೆ 73 ಡಿಗ್ರಿ, ಚಕ್ರದ ತ್ರಿಜ್ಯ 340 ಮಿ.ಮೀ., ಆಫ್‌ಸೆಟ್ 45 ಮಿ.ಮೀ. ಟ್ರೇಲ್ ಸುಮಾರು 57 ಮಿ.ಮೀ. ಬರುತ್ತದೆ. ಆಫ್‌ಸೆಟ್ 53 ಇರುವ ಫೋರ್ಕು ಹಾಕಿದರೆ ಅದು 49ರ ಹತ್ತಿರಕ್ಕೆ ಇಳಿದು, ಹ್ಯಾಂಡಲ್ಲು ಹಗುರಾಗಿ ಚುರುಕಾಗುತ್ತದೆ. ಹಳೆಯ ಫೋರ್ಕನ್ನೇ ಇಟ್ಟು ಕೊಳವೆಯನ್ನು 68 ಡಿಗ್ರಿಗೆ ಮಲಗಿಸಿದರೋ, ಟ್ರೇಲ್ 89ಕ್ಕೆ ಏರುತ್ತದೆ. ಇಳಿಜಾರಿನಲ್ಲಿ ಗೆರೆ ಬಿಡದ, ಸಂದಿಯಲ್ಲಿ ತಿರುಗಲು ಒಲ್ಲದ ಸೈಕಲ್ಲು. ನಮ್ಮ ಹಳ್ಳಿಗಳ ಕರಿ ಸೈಕಲ್ಲಿನಲ್ಲಿ ಕೊಳವೆಯೂ ಚೆನ್ನಾಗಿ ಓರೆ, ಫೋರ್ಕೂ ಚೆನ್ನಾಗಿ ಬಾಗು. ಒಂದು ಏರಿಸಿದ್ದನ್ನು ಇನ್ನೊಂದು ಇಳಿಸುತ್ತದೆ. ಆ ಬಾಗು ಬರೀ ಅಂದಕ್ಕಲ್ಲ.

ಅಷ್ಟರಲ್ಲಿ ಜೋನ್ಸ್ ನಾಲ್ಕನೆಯದನ್ನು ತರುತ್ತಾರೆ. ಮುಂಚಕ್ರವನ್ನು ಇದ್ದ ಜಾಗದಿಂದ 4 ಅಂಗುಲ ಮುಂದಕ್ಕೆ ಕೂರಿಸಿದ್ದಾರೆ. ದಾರ ಹಿಡಿದು ನೋಡಿ, ಈಗ ಅದು ಟೈರಿಗಿಂತ ಹಿಂದೆ ಬೀಳುತ್ತದೆ. ತಳ್ಳಿ ಕೈಬಿಟ್ಟರೆ ದಡಾರನೆ ನೆಲಕ್ಕೆ. ಹತ್ತಿ ಕೂತರೆ ಹ್ಯಾಂಡಲ್ಲಿನಿಂದ ಯಾವ ಸಹಾಯವೂ ಇಲ್ಲ. ಪ್ರತಿಯೊಂದು ವಾಲುವಿಕೆಯನ್ನೂ ನಿಮ್ಮ ತೋಳುಗಳೇ ತಿದ್ದಬೇಕು. ಆದರೂ ಓಡಿಸಬಹುದು. ಜೋನ್ಸ್ ಅವರಿಗೆ ಅದೇ ನಿರಾಸೆ. 1970ರ ಏಪ್ರಿಲ್‌ನಲ್ಲಿ ‘ಫಿಸಿಕ್ಸ್ ಟುಡೇ’ ಪತ್ರಿಕೆಯಲ್ಲಿ ಈ ಎಲ್ಲವನ್ನೂ ಬರೆದರು. ಸ್ಥಿರತೆಯ ಕೀಲಿ ಮುಂಭಾಗದ ಈ ಜ್ಯಾಮಿತಿಯಲ್ಲಿದೆ ಎಂದು ಜನ ನೆಚ್ಚಿಕೊಂಡರು.

ಈಗ 2011ಕ್ಕೆ, ನೆದರ್ಲೆಂಡ್ಸಿನ ಡೆಲ್ಫ್ಟ್‌ಗೆ ಬನ್ನಿ. ಎದುರಿಗಿರುವುದನ್ನು ಸೈಕಲ್ಲು ಅನ್ನಲು ಬಾಯಿ ಬಾರದು: ಎರಡು ಪುಟ್ಟ ಚಕ್ರ, ಅವುಗಳ ಬುಗುರಿಗುಣವನ್ನು ಅಳಿಸಲು ಹಿಮ್ಮುಖ ತಿರುಗುವ ಇನ್ನೆರಡು. ಟ್ರೇಲ್ ಇಲ್ಲಿಯೂ ತಲೆಕೆಳಗು. ಟೈರು ನೆಲ ಮುಟ್ಟುವ ಜಾಗ, ಹ್ಯಾಂಡಲ್ಲು ತಿರುಗುವ ಓರೆ ಅಕ್ಷದ ಗೆರೆಗಿಂತ 4 ಮಿ.ಮೀ. ಮುಂದಿದೆ. ಇಷ್ಟಾದರೂ ತಳ್ಳಿಬಿಟ್ಟರೆ ತಾನೇ ಸುಧಾರಿಸಿಕೊಂಡು ಓಡುತ್ತದೆ. ಗುಟ್ಟು ಮುಂಭಾಗದ ತೂಕದಲ್ಲಿದೆ. ಅದನ್ನು ನೆಲಕ್ಕೆ ಹತ್ತಿರವಾಗಿ, ಓರೆ ಅಕ್ಷದ ಮುಂದಕ್ಕೆ ಇಟ್ಟಿದ್ದಾರೆ. ತಗ್ಗಿನಲ್ಲಿರುವ ತೂಕ ಎತ್ತರದಲ್ಲಿರುವ ಹಿಂಭಾಗಕ್ಕಿಂತ ಬೇಗ ಬೀಳಲು ಹೊರಡುತ್ತದೆ; ಎರಡನ್ನೂ ಬೆಸೆದಿರುವುದು ಹ್ಯಾಂಡಲ್ಲಿನ ಕೀಲಾದ್ದರಿಂದ, ವಾಲಿದ ಕಡೆಗೇ ಮುಂಚಕ್ರ ತಿರುಗಿಬಿಡುತ್ತದೆ.