ಧಾರವಾಡಕ್ಕೆ ಹೊರಟ ಕೌದಿ

ದಸರೆಗೆ ಇನ್ನೂ ವಾರವಿದೆ ಎನ್ನುವಾಗಲೇ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆ ಮನೆಮನೆಯ ಹಾಸಿಗೆ-ಹೊದಿಕೆಗಳು ಗಂಟು ಕಟ್ಟಿಸಿಕೊಂಡು ಹಳ್ಳಕ್ಕೊ ಕಾಲುವೆಗೊ ಹೊರಡುತ್ತವೆ. ನೀರು ಕುಡಿದ ಕೌದಿಯನ್ನು ಎತ್ತುವುದು ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಇಬ್ಬರು ಎರಡು ತುದಿ ಹಿಡಿದು, ಎದುರುಬದುರು ನಿಂತು ತಿರುವಿ ಹಿಂಡಬೇಕು. ಆಮೇಲೆ ಅದು ಬದುವಿನ ಮೇಲೊ ಮಾಳಿಗೆಯ ಮೇಲೊ ಮೈಚಾಚಿ ಬಿಸಿಲು ಕಾಯಿಸುತ್ತದೆ. ಉಳಿದವರಿಗೆ ಇದು ಹಬ್ಬದ ಕೆಲಸ. ಧಾರವಾಡದಲ್ಲಿ ಎಂ.ಎ. ಓದುವ ಮಗಳಿರುವ ಮನೆಗೆ ಮಾತ್ರ ಥಂಡಿಯ ತಯಾರಿಯ ಮೊದಲ ದಿನ.

‘ಯವ್ವಾ, ಈ ಸರ್ತಿ ಕೌದಿ ಒಯ್ಯಂಗಿಲ್ಲ. ರೂಮಿನ್ಯಾಗ ಎಲ್ಲಾರೂ ನಗತಾರ.’

‘ನಗೋರಿಗೆ ರಾತ್ರಿ ಥಂಡಿ ಹತ್ತಂಗಿಲ್ಲೇನು?’

ವಾದ ಅಲ್ಲಿಗೆ ಮುಗಿಯುತ್ತದೆ. ಕೌದಿ ಗಂಟಿಗೆ ಸೇರುತ್ತದೆ.

ನಗುವವರಿಗೆ ತಿಳಿಯದ ಸಂಗತಿ ಒಂದಿದೆ. ಹಿಮ ಬೀಳುವ ದೇಶಗಳ ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿಗಳಿಗೆ ಹೇಳುವ ಬುದ್ಧಿಮಾತುಗಳಲ್ಲೊಂದು, ಒಂದು ದಪ್ಪ ಅಂಗಿಗಿಂತ ಪದರು ಪದರಾಗಿ ಉಟ್ಟ ತೆಳು ಬಟ್ಟೆಗಳು ಮೇಲು ಎಂಬುದು. ಮೈಯನ್ನು ಬೆಚ್ಚಗಿಡುವುದು ಬರಿಯ ಅರಿವೆಯಲ್ಲ, ಪದರುಗಳ ನಡುವೆ ಸಿಕ್ಕಿಬಿದ್ದ ಗಾಳಿ. ಕೌದಿ ಹೊಲಿಯುವ ಅಜ್ಜಿ ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲು ದಾರ ಓಡಿಸುತ್ತಾಳೆ. ಗಜೇಂದ್ರಗಡದ ಕೌದಿಯಾದರೆ ಅದರ ಹೊಟ್ಟೆಯೊಳಗೆ ಒಂದಾದರೂ ಪಟ್ಟೇದಂಚು ಸೀರೆ ಅಡಗಿರುವ ಸಂಭವ ಹೆಚ್ಚು. ಆ ಭಾಗದ ಮಗ್ಗಗಳಲ್ಲಿ ನೇಯ್ದ ಈ ಚೌಕುಳಿಯ ಹತ್ತಿ ಸೀರೆ ಒಗೆದಷ್ಟೂ ಮೆತ್ತಗಾಗುತ್ತದೆ. ಅಜ್ಜಿ ಮದುವೆಯಲ್ಲಿ ಉಟ್ಟದ್ದನ್ನು ಮೊಮ್ಮಗಳು ಪರೀಕ್ಷೆಯ ಕಾಲಕ್ಕೆ ಹೊದ್ದುಕೊಳ್ಳುತ್ತಾಳೆ.

ಹುಡುಗರ ಗಂಟಿನಲ್ಲಿ ಕೆಲವೊಮ್ಮೆ ಕಂಬಳಿಯೂ ಇರುತ್ತದೆ. ದಖ್ಖನಿ ಕುರಿಯ ಕರಿಯ ಉಣ್ಣೆ. ನೂಲು ಬಿಗಿಯಾಗಲೆಂದು ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದದ್ದು. ಹೊಸತರಲ್ಲಿ ಮೈಗೆ ಚುಚ್ಚುತ್ತದೆ. ಹಾಗಾಗಿ ಅದು ಕೆಳಗೆ, ಕೌದಿ ಮೇಲೆ, ನಡುವೆ ವಿದ್ಯಾರ್ಥಿ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಅಂದಿನಿಂದ ಎರೆನಾಡಿನ ಮಕ್ಕಳು ಚಳಿಗಾಲವನ್ನು ಅಲ್ಲಿನ ಗುಡ್ಡದ ಮೇಲೆ ಕಳೆಯುತ್ತಿದ್ದಾರೆ. 2016ರಲ್ಲಿ ಗದಗಿನಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂದಮೇಲೆ ಕೆಲವರಿಗೆ ದಾರಿ ಹತ್ತಿರವಾಯಿತು. ಆದರೆ ಅದು ಇರುವ ನಾಗಾವಿಯ ಬಯಲಲ್ಲೂ ಗಾಳಿಗೆ ತಡೆಯಿಲ್ಲ. ಹಿಂಗಾರಿ ಮೋಡ ಚದುರಿದ ಮೇಲೆ ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹಿಡಿದಿಡಲು ಮೋಡದ ಹೊದಿಕೆ ಇರುವುದಿಲ್ಲ. ಮಧ್ಯಾಹ್ನ ಬೆವರು, ಬೆಳಗಿನ ಜಾವ ನಡುಕ. ಆದ್ದರಿಂದಲೇ ಎಂಟಕ್ಕೆ ಮೈಮೇಲಿದ್ದ ಸ್ವೆಟರ್ ಹನ್ನೊಂದಕ್ಕೆ ಸೊಂಟಕ್ಕೆ ಇಳಿದಿರುತ್ತದೆ.

ಥಂಡಿ ಬಂತೆಂದು ಮೊದಲು ಸಾರುವುದು ಹವಾಮಾನ ಇಲಾಖೆಯಲ್ಲ, ಕಿಟಕಿಯಲ್ಲಿಟ್ಟ ಕೊಬ್ಬರಿ ಎಣ್ಣೆಯ ಬಾಟಲಿ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತದೆ. ಬೆಳಿಗ್ಗೆ ಬಾಟಲಿ ತಲೆಕೆಳಗಾದರೂ ಹನಿ ಬೀಳದಿದ್ದರೆ ಋತು ಬದಲಾಯಿತು ಎಂದೇ ಲೆಕ್ಕ. ಅದರ ಹಿಂದೆಯೇ ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಬಿಸಿನೀರಿನ ಮುಂದೆ ಬಕೆಟ್‌ಗಳ ಪಾಳಿ ಬೆಳೆಯುತ್ತದೆ. ಪಾಳಿಯ ಕೊನೆಯಲ್ಲಿದ್ದವರು ‘ಇವತ್ತು ತಲೆಗೆ ಬ್ಯಾಡ’ ಎಂದು ಮುಖ ತೊಳೆದು ಕ್ಲಾಸಿಗೆ ನಡೆಯುತ್ತಾರೆ.

ಗಂಟಿನ ಇನ್ನೊಂದು ಅರ್ಧ ತಿನ್ನುವುದಕ್ಕೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ: ಎಣ್ಣೆಕಾಳು ತುಂಬಿದ ಈ ತಿನಿಸುಗಳು ಚಳಿಗೆ ಹೇಳಿ ಮಾಡಿಸಿದಂಥವು. ಒಣಗಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಖಾಲಿಯಾದರೆ ಊರಿನ ಬಸ್ಸಿದೆ. ಬೆಳಗಿನ ಬಸ್ಸಿನಲ್ಲಿ ಬುತ್ತಿ ಇಟ್ಟು, ಕಂಡಕ್ಟರಿಗೆ ‘ಅಣ್ಣಾ, ನಮ್ಮ ಹುಡುಗಿ ಸ್ಟ್ಯಾಂಡಿಗೆ ಬರ್ತಾಳ’ ಎಂದು ಹೇಳಿದರಾಯಿತು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಬಂದ ಮರುದಿನ ಆ ಬುತ್ತಿಯ ತೂಕ ಒಂದಿಷ್ಟು ಹೆಚ್ಚಿರುತ್ತದೆ.

ಗಂಟಿಲ್ಲದೆ ಹೋದವರೂ ಉಂಟು. 1922ರಲ್ಲಿ ರೋಣದಲ್ಲಿ ಹುಟ್ಟಿದ ಗಾಯಕ ಭೀಮಸೇನ ಜೋಶಿ 1933ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ಮನೆಯಲ್ಲಿ ಹೇಳದೆ ಕೇಳದೆ ಸಂಗೀತದ ಗುರುವನ್ನು ಹುಡುಕುತ್ತ ಹೊರಟರು. ಗ್ವಾಲಿಯರ್‌ನಿಂದ ಪಂಜಾಬಿನ ಜಲಂಧರ್‌ವರೆಗೆ ಅಲೆದರು. ಅಲ್ಲಿನ ಚಳಿಗಾಲದ ಮುಂದೆ ಧಾರವಾಡದ್ದು ಬರೀ ತಂಗಾಳಿ. ಕೊನೆಗೆ ದೊರೆತ ಗುರು ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ, ಬುತ್ತಿ ಕಳಿಸಿದರೆ ಮುಟ್ಟುವಷ್ಟು ದೂರದಲ್ಲಿ!

ಈಗಿನ ಮಕ್ಕಳ ಚಳಿ ಫೋನಿನಲ್ಲಿ ಊರು ಮುಟ್ಟುತ್ತದೆ. ಆದರೆ ಅಪ್ಪನಿಂದ ಮರುಕ ನಿರೀಕ್ಷಿಸಿದವರಿಗೆ ನಿರಾಸೆಯೇ. ಎರೆಹೊಲದ ಕಡಲೆ, ಬಿಳಿಜೋಳ, ಗೋಧಿ ಮಳೆಗಾಲ ಬಿಟ್ಟುಹೋದ ತೇವ ಹಿಡಿದು ಬೆಳೆಯುವ ಪೈರು. ಅವಕ್ಕೆ ತಂಪು ಬೇಕು. ಮೋಡ ಕವಿದರೆ ಕಡಲೆಗೆ ಕಾಯಿಕೊರಕ ಹುಳದ ಭಯ. ಮಗಳು ಕೌದಿಯೊಳಗೆ ಮುದುಡುವ ರಾತ್ರಿಯೇ ಅಪ್ಪ ನಿಶ್ಚಿಂತೆಯಿಂದ ನಿದ್ದೆ ಹೋಗುವ ರಾತ್ರಿ.

‘ಅಪ್ಪಾ, ಇಲ್ಲಿ ಭಾಳ ಥಂಡಿ ಐತಿ.’

‘ಚಲೋ ಆತು ಬಿಡವಾ. ಇನ್ನೊಂದು ಹದಿನೈದು ದಿನ ಹಿಂಗ ಬಿದ್ದರ ಕಡ್ಲಿ ಕೈ ಹಿಡೀತೈತಿ.’

ಅಷ್ಟರಲ್ಲಿ ಅವ್ವ ಫೋನು ಕಸಿದುಕೊಳ್ಳುತ್ತಾಳೆ. ‘ಅವರ ಮಾತು ಬಿಡು. ಕೌದಿ ಹೊಚ್ಚಿಗೊಂಡೀಯಿಲ್ಲ?’

‘ಹೊಚ್ಚಿಗೊಂಡೇನಿ ಯವ್ವಾ. ಆದರ ಅರ್ಧಾನ ನನಗ ಸಿಕ್ಕೈತಿ. ಉಳಿದರ್ಧಾ, ಅವತ್ತು ನಕ್ಕಾಕಿ ಎಳಕೊಂಡು ಮಲಗ್ಯಾಳ.’