ಮಸಿ ತಾಗಿದಲ್ಲಿ ಮಾತ್ರ

ಬಾಯಿಯಿಂದ ಮದ್ದು ಜಡಿಯುವ ಹಳೆಯ ಬಗೆಯ ಕೋವಿಯನ್ನು ಯಾರಾದರೂ ಮೊದಲ ಸಲ ಕೈಯಾರೆ ಮಾಡಿ ಮುಗಿಸಿದರೆ, ಆ ಹವ್ಯಾಸದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನಳಿಗೆ ನೀವೇ ಮಾಡಿದ್ದೋ, ಕೊಂಡದ್ದೋ? ಕೊಂಡದ್ದು ಎಂದರೆ ಅಲ್ಲಿಗೆ ಮಾತು ಮುಗಿಯಿತು. ಹಾಗಾದರೆ ಅದು ಕೈಕೆಲಸವಲ್ಲ, ಬಿಡಿಭಾಗ ಜೋಡಿಸಿದ್ದು ಎಂದು ತೀರ್ಪು ಬರುತ್ತದೆ. ಈ ತೀರ್ಪು ಅನ್ಯಾಯದ್ದು, ಅದರ ಹಿಂದಿರುವ ತಿಳಿವಳಿಕೆಯೂ ತಪ್ಪು ಎಂಬುದು ನನ್ನ ವಾದ. ಕಬ್ಬಿಣ ಯಾವ ಕುಲುಮೆಯಲ್ಲಿ ಕಾದಿತೆಂದು ನೋಡಿ ಕೋವಿ ಮಾಡಿದವನ ಕೈಯನ್ನು ಅಳೆಯಲಾಗದು. ಕಬ್ಬಿಣ ಮರದೊಳಗೆ ಹೇಗೆ ಕೂತಿದೆ ಎಂದು ನೋಡಬೇಕು. ನಳಿಗೆ, ಕಿಡಿ ಹೊಡೆಯುವ ಕುದುರೆ, ಅದನ್ನು ಮಿಡಿಯುವ ಬಿಲ್ಲು, ಮದ್ದು ಜಡಿಯುವ ಗಜ ಎಲ್ಲವೂ ಬೇರೆ ಬೇರೆ ಕಡೆಯಿಂದ ಬಂದರೂ ಅವುಗಳನ್ನು ಒಂದು ಕೋವಿಯಾಗಿಸುವುದು ಈ ಕೂರಿಸುವ ಕೆಲಸವೇ.

ಚರಿತ್ರೆಯೂ ಈ ಪ್ರಶ್ನೆ ಕೇಳುವವರ ಪರವಾಗಿಲ್ಲ. 16ನೇ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಬಾದಶಹ ಅಕ್ಬರನ ಕೋವಿ ಕಾರ್ಖಾನೆಯ ವಿವರ ಇದೆ. ಮೊದಲು ಕಬ್ಬಿಣವನ್ನು ಬಡಿದು ಚಪ್ಪಟೆ ಮಾಡಿ ಅಂಚಿಗೆ ಅಂಚು ಬೆಸೆಯುತ್ತಿದ್ದರು. ಆಮೇಲೆ ಪಟ್ಟಿಯನ್ನು ಓರೆಯಾಗಿ ಸುರುಳಿ ಸುತ್ತಿ, ಮಡಿಕೆಯ ಮೇಲೆ ಮಡಿಕೆ ಬರುವಂತೆ ಕಾಯಿಸಿ ಬೆಸೆಯುವ ಕ್ರಮ ಬಂತು. ಒಟ್ಟಿಗೆ 16 ನಳಿಗೆಗಳ ಒಳಗನ್ನು ಉಜ್ಜುವ ಚಕ್ರವಿತ್ತು, ಅದನ್ನು ದನ ತಿರುಗಿಸುತ್ತಿತ್ತು. ಕಬ್ಬಿಣದ ತೂಕ, ಅದು ಬಂದ ಊರು, ಕೆಲಸಗಾರನ ಹೆಸರು, ತಯಾರಾದ ಜಾಗ, ದಿನಾಂಕ ಇವನ್ನೆಲ್ಲ ಕೋವಿಯ ಮೇಲೇ ಗುರುತಿಸುತ್ತಿದ್ದರು. ಕಬ್ಬಿಣದ ಊರು ಬೇರೆ, ಕೋವಿಯ ಊರು ಬೇರೆ ಎಂಬುದು ಅಲ್ಲಿ ಮುಚ್ಚಿಡುವ ಸಂಗತಿಯೇ ಆಗಿರಲಿಲ್ಲ. ಶ್ರೀರಂಗಪಟ್ಟಣ, ಬಿದನೂರು ನಗರ, ಬೆಂಗಳೂರುಗಳಲ್ಲಿದ್ದ ಟಿಪ್ಪುವಿನ ಕಾರ್ಖಾನೆಗಳಲ್ಲೂ ಒಂದು ಕೋವಿ ಹಲವರ ಕೈ ದಾಟಿಯೇ ಹೊರಬರುತ್ತಿತ್ತು. ಕುದುರೆಗೆ ಹುಲಿಯ ರೂಪ ಕೊಟ್ಟ ಅಲ್ಲಿನ ಕೋವಿಗಳನ್ನು ನೋಡಿ ಇದು ಕೈಕೆಲಸವಲ್ಲ ಎನ್ನುವ ಧೈರ್ಯ ಯಾರಿಗಿದೆ? ಬರ್ಮಿಂಗ್‌ಹ್ಯಾಮ್‌ನಲ್ಲಂತೂ ನಳಿಗೆಯವನು, ಮದ್ದು ಹೊತ್ತಿಸುವ ಯಂತ್ರವಾದ ಲಾಕಿನವನು, ಮರದವನು ಬೇರೆ ಬೇರೆ ಕಸುಬಿನವರಾಗಿದ್ದರು. ಈಗ ಅಮೆರಿಕದಲ್ಲಿ ಹವ್ಯಾಸಿಗಳು ಭಕ್ತಿಯಿಂದ ನಕಲು ಮಾಡುವ ಪೆನ್ಸಿಲ್ವೇನಿಯಾದ ಉದ್ದ ರೈಫಲ್ ಇದೆಯಲ್ಲ, ಅದನ್ನು ಮಾಡಿದ ಹಳಬರೇ ಲಾಕುಗಳನ್ನು ಬಹುಮಟ್ಟಿಗೆ ಇಂಗ್ಲೆಂಡ್, ಜರ್ಮನಿಗಳಿಂದ ತರಿಸಿಕೊಳ್ಳುತ್ತಿದ್ದರು. ಹಳಬರು ತಮಗೆ ಹಾಕಿಕೊಳ್ಳದ ಶರತ್ತನ್ನು ಅವರ ಹೆಸರಿನಲ್ಲಿ ಹೊಸಬರಿಗೆ ಹಾಕುವುದು ಯಾವ ನ್ಯಾಯ?

ಕೂರಿಸುವ ಕೆಲಸವೇ ಮುಖ್ಯ ಎಂಬುದಕ್ಕೆ ಚೆನ್ನೈನಲ್ಲಿರುವವರಿಗೆ ಸಾಕ್ಷಿ ಹತ್ತಿರದಲ್ಲೇ ಇದೆ. ಎಗ್ಮೋರಿನ ಪ್ಯಾಂಥಿಯನ್ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1851ರಲ್ಲಿ. ಅಲ್ಲಿನ ಆಯುಧ ವಿಭಾಗದಲ್ಲಿ ತಂಜಾವೂರು ಅರಮನೆಯಿಂದಲೂ ಸೇಂಟ್ ಜಾರ್ಜ್ ಕೋಟೆಯಿಂದಲೂ ಬಂದ ಆಯುಧಗಳಿವೆ. ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ನಮ್ಮ ನಾಡಿನ ಬತ್ತಿ ಕೋವಿಯ ರಚನೆಯನ್ನು ಗಮನಿಸಬೇಕು. ಯುರೋಪಿನ ಕೋವಿಯಲ್ಲಿ ಲಾಕು ಒಂದು ತಗಡಿನ ಮೇಲೆ ಕಟ್ಟಿದ ಪ್ರತ್ಯೇಕ ಯಂತ್ರ, ಬಿಚ್ಚಿ ಕೈಯಲ್ಲಿ ಹಿಡಿಯಬಹುದು. ಬತ್ತಿ ಕೋವಿಯಲ್ಲಿ ಅಂಥ ಪ್ರತ್ಯೇಕ ಯಂತ್ರವಿಲ್ಲ. ಮರವನ್ನು ನಡುವೆ ಸೀಳಿದ ಹಾಗೆ ತೋಡಿ, ಆ ಸಂದಿನಲ್ಲಿ ಬತ್ತಿ ಹಿಡಿಯುವ ಕೊಕ್ಕೆ, ಬಿಲ್ಲು, ಅವೆರಡನ್ನು ಸೇರಿಸುವ ಕಡ್ಡಿ ಇಷ್ಟನ್ನು ನಿಲ್ಲಿಸುತ್ತಾರೆ. ನಳಿಗೆಯನ್ನು ಮರಕ್ಕೆ ಹಿಡಿದಿಡುವುದು ತಂತಿ, ತೊಗಲು, ಇಲ್ಲವೇ ಲೋಹದ ಕಟ್ಟು. ಅಂದರೆ ಯಂತ್ರದ ಚೌಕಟ್ಟು ಮರವೇ. ಸಂದು ಒಂದು ಕೂದಲೆಳೆ ಅಗಲವಾದರೂ ಕೊಕ್ಕೆ ಓಲಾಡುತ್ತದೆ, ಬತ್ತಿಯ ಕೆಂಡ ರಂಜಕದ ಪುಡಿಮದ್ದಿನ ಮೇಲೆ ಬೀಳುವುದರ ಬದಲು ಪಕ್ಕಕ್ಕೆ ಬೀಳುತ್ತದೆ. ಕಮ್ಮಾರ ಎಷ್ಟೇ ಜಾಣನಿರಲಿ, ಕೋವಿ ಹಾರುವುದೂ ಹಾರದಿರುವುದೂ ಕೊನೆಗೆ ಆಚಾರಿಯ ಉಳಿಯ ಮೇಲೆ ನಿಂತಿತ್ತು.

ಆ ಉಳಿಗೆ ದಾರಿ ತೋರಿಸುವುದು ಮಸಿ. ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು. ದೀಪದ ಮಸಿಗೆ ಒಂದು ತೊಟ್ಟು ಎಣ್ಣೆ ಬೆರೆಸಿ ನಳಿಗೆಯ ಅಡಿಗೆ ತೆಳ್ಳಗೆ ಸವರುವುದು. ಅರ್ಧ ತೋಡಿದ ಕಾಲುವೆಗೆ ನಳಿಗೆಯನ್ನು ನೆಟ್ಟಗೆ ಇಳಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟಿ, ನೆಟ್ಟಗೇ ಮೇಲೆತ್ತುವುದು. ಮರದ ಮೇಲೆ ಕಪ್ಪು ಮೂಡಿದ ಕಡೆ ಮಾತ್ರ ಉಳಿಯಿಂದ ಕೆರೆಯುವುದು. ಮತ್ತೆ ಸವರು, ಮತ್ತೆ ಇಳಿಸು. ಹಲ್ಲು ಕಟ್ಟಿದ ಮೇಲೆ ವೈದ್ಯರು ಬಣ್ಣದ ಕಾಗದ ಕಚ್ಚಿಸಿ ಎಲ್ಲಿ ಎತ್ತರವಾಗಿದೆ ಎಂದು ನೋಡುವುದೂ ಇದೇ ಉಪಾಯ. ಮೊದಲು ಮೂಡುವುದು ಎರಡೋ ಮೂರೋ ಚುಕ್ಕೆ. ಇಡೀ ನಳಿಗೆ ಆ ಸಣ್ಣ ದಿಬ್ಬಗಳ ಮೇಲೇ ನಿಂತಿದೆ ಎಂದು ಅರ್ಥ. ಕೆಲಸ ಮುಂದುವರಿದಂತೆ ಕಪ್ಪು ಹೆಚ್ಚಬೇಕು, ಹರಡಬೇಕು. ಕಾಲುವೆಯ ತಳವೆಲ್ಲ ಸಮನಾಗಿ ಕಪ್ಪಾದ ದಿನ ಉಳಿ ಕೆಳಗಿಡಬಹುದು. ಹೊಸಬರು ಎಡವುವುದು ತಳದಲ್ಲಲ್ಲ, ಗೋಡೆಗಳಲ್ಲಿ. ನಳಿಗೆ ಇಳಿಯುವಾಗ ಪಕ್ಕದ ಗೋಡೆಗೂ ಮಸಿ ಉಜ್ಜುತ್ತದೆ. ಅದನ್ನು ಕಂಡು ಗೋಡೆಯನ್ನು ಕೆರೆದರೆ ಕಾಲುವೆ ಅಗಲವಾಯಿತು, ಹೋದ ಮರ ಮತ್ತೆ ಬರುವುದಿಲ್ಲ. ಎರಡು ಕಪ್ಪಿಗೂ ವ್ಯತ್ಯಾಸವಿದೆ: ಉಜ್ಜಿದ ಮಸಿ ಗೆರೆಗೆರೆಯಾಗಿ, ಮಾಸಲಾಗಿ ಇರುತ್ತದೆ, ಒತ್ತಿದ ಮಸಿ ದಟ್ಟವಾಗಿ, ಮರದ ಎಳೆ ಜಜ್ಜಿ ಸ್ವಲ್ಪ ಹೊಳಪು ಬಂದಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಮಸಿ ದಪ್ಪವಾಗಿ ಬಳಿದರೆ ಎಲ್ಲ ಕಡೆಯೂ ಕಪ್ಪಾಗಿ ಸುಳ್ಳು ಹೇಳುತ್ತದೆ, ಆದ್ದರಿಂದ ಕಬ್ಬಿಣದ ಬಣ್ಣ ಅಡಿಯಿಂದ ಇಣುಕುವಷ್ಟೇ ಸವರಬೇಕು. ನಳಿಗೆಯ ಹಿಂಬದಿ ಮರಕ್ಕೆ ಪೂರ್ತಿ ಒರಗಿರಬೇಕು, ಒದೆತವೆಲ್ಲ ಅಲ್ಲಿಗೇ ಬರುವುದು. ಆದರೆ ಅದರಿಂದ ಹಿಂದಕ್ಕೆ ಚಾಚಿದ ಬಾಲದ ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಜಾಗ ಬಿಡಬೇಕು, ಇಲ್ಲದಿದ್ದರೆ ಅದು ಬೆಣೆಯಂತೆ ನುಗ್ಗಿ ಮರವನ್ನು ಸೀಳುತ್ತದೆ. ಇಡೀ ಕೋವಿಯಲ್ಲಿ ಸಂದು ಇರಲೇಬೇಕಾದ ಜಾಗ ಅದೊಂದೇ ಎಂದರೂ ಸರಿ.

ಸಂದು ತುಂಬಲು ಈಗ ಅಂಟು ಇದೆಯಲ್ಲ ಎನ್ನುವವರಿದ್ದಾರೆ. ಕಾಲುವೆಯನ್ನು ಧಾರಾಳವಾಗಿ ತೋಡಿ, ಎಪಾಕ್ಸಿ ಸುರಿದು, ನಳಿಗೆಯನ್ನು ಅದರಲ್ಲಿ ಮುಳುಗಿಸಿದರೆ ಒಂದೇ ರಾತ್ರಿಯಲ್ಲಿ ಕೆಲಸ ಮುಗಿಯುತ್ತದೆ, ಇನ್ನೂ ಗಟ್ಟಿಯಾಗಿಯೂ ಇರುತ್ತದೆ ಎಂಬುದು ಅವರ ಮಾತು. ಗಟ್ಟಿ ಇರಬಹುದು, ಇವತ್ತಿನ ಗುರಿ ಸ್ಪರ್ಧೆಯ ಬಂದೂಕಿಗೆ ಅದು ಸರಿಯೂ ಇರಬಹುದು. ಆದರೆ ನಳಿಗೆಯನ್ನು ಸ್ವತಃ ಕಾಯಿಸಿ ಬಡಿದೆನೆಂದು ಎದೆ ತಟ್ಟಿಕೊಳ್ಳುವವರೇ ಅಡಿಯಲ್ಲಿ ಅಂಟು ಸುರಿದು, ಮೇಲೆ ಬಳ್ಳಿ ಹೂವು ಕೆತ್ತಿ, ಹಿತ್ತಾಳೆ ಹೊದಿಸಿ, ಸಾಂಪ್ರದಾಯಿಕ ಕೋವಿ ಎಂದು ತೋರಿಸುವಾಗ ನನಗೆ ಸಿಟ್ಟು ಬರುತ್ತದೆ. ಕೆತ್ತನೆ ಕೆಟ್ಟದ್ದಲ್ಲ. ಕೆಟ್ಟ ಕೂರಿಕೆಯ ಮೇಲಿನ ಒಳ್ಳೆಯ ಕೆತ್ತನೆ ನೋಡುವವನಿಗೆ ಮಾಡಿದ ಮೋಸ. ಬಿಗಿಯಾದ ಕೂರಿಕೆ ಬರೀ ಅಂದದ ಪ್ರಶ್ನೆಯೂ ಅಲ್ಲ. ಚೆನ್ನೈನ ಕಡಲ ಗಾಳಿಯಲ್ಲಿ ಉಪ್ಪಿದೆ, ತಮಿಳರ ಐಪ್ಪಸಿ ಮಾಸದ ಮಳೆಯ ದಿನಗಳಲ್ಲಿ ತೇವ ಬೇರೆ ಸೇರುತ್ತದೆ. ನಳಿಗೆಗೂ ಮರಕ್ಕೂ ನಡುವೆ ಸಂದಿದ್ದರೆ ತೇವ ಅಲ್ಲೇ ಕೂತು, ಕಣ್ಣಿಗೆ ಬೀಳದ ಅಡಿಭಾಗದಿಂದ ತುಕ್ಕು ಹಿಡಿಯಲು ಶುರುವಾಗುತ್ತದೆ. ಹೊರಗೆ ಮಿರಮಿರ ಮಿಂಚುವ ಕೋವಿಯ ಆಯುಸ್ಸನ್ನು ತೀರ್ಮಾನಿಸುವುದು ಆ ಮರೆಯ ಭಾಗವೇ.

ಅಮೆರಿಕದ ವಿಲಿಯಮ್ಸ್‌ಬರ್ಗಿನ ವ್ಯಾಲೇಸ್ ಗಸ್ಲರ್ ಕಬ್ಬಿಣದ ಪಟ್ಟಿಯಿಂದ ನಳಿಗೆ ಬೆಸೆಯುವಲ್ಲಿಂದ ಶುರುಮಾಡಿ ಇಡೀ ರೈಫಲನ್ನು ತಾವೇ ಮಾಡಿ ತೋರಿಸಲಿಲ್ಲವೇ, ಅದರ ಮೇಲೆ 1969ರ ಸಾಕ್ಷ್ಯಚಿತ್ರವೂ ಇದೆಯಲ್ಲ, ಎಂದು ಕೇಳಬಹುದು. ತೋರಿಸಿದರು, ಅದು ದೊಡ್ಡ ಸಾಧನೆ. ಹಲವು ಕಸುಬುಗಳ ಜ್ಞಾನ ಮರೆಯಾಗುತ್ತಿದ್ದಾಗ ಒಬ್ಬ ಮನುಷ್ಯ ಅವನ್ನೆಲ್ಲ ಕಲಿತು ಉಳಿಸಿದ್ದಕ್ಕೆ ನಮಸ್ಕರಿಸಬೇಕು. ಅದನ್ನು ಮೊದಲ ಕೋವಿ ಮಾಡುವವನ ಅಳತೆಗೋಲು ಮಾಡುವುದು ಮಾತ್ರ ಅವಿವೇಕ, ಅಪಾಯ ಕೂಡ. ಬೆಸುಗೆಯ ದೋಷ ಹೊರಗೆ ಕಾಣುವುದಿಲ್ಲ, ಒಡೆದಾಗಲೇ ತಿಳಿಯುವುದು. ನಳಿಗೆಗಳನ್ನು ಹೆಚ್ಚು ಮದ್ದು ಹಾಕಿ ಪರೀಕ್ಷಿಸಿ ಮುದ್ರೆ ಒತ್ತಲೆಂದೇ ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲಿ ಪರೀಕ್ಷಾಲಯ ತೆರೆದರು. ನಮ್ಮಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದೇ ಅಪರಾಧ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಇರುವ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಒಯ್ಯಲು, ತಯಾರಿಸಲು ಅಲ್ಲ. ಈ ಕಾಯಿದೆ ಸರಿಯಾದದ್ದೇ. ನೀರಿನ ಪೈಪಿಗೆ ಮರದ ತುಂಡು ಕಟ್ಟಿ ಹಂದಿ ದಾರಿಯಲ್ಲಿ ಇಟ್ಟುಬರುವ ನಾಡಕೋವಿ ಹಂದಿಯನ್ನೂ ಮನುಷ್ಯನನ್ನೂ ಬೇರೆಬೇರೆಯಾಗಿ ಗುರುತಿಸುವುದಿಲ್ಲ, ಅದನ್ನು ಕಸುಬಿನ ಹೆಸರಿನಲ್ಲಿ ಸಮರ್ಥಿಸುವವರ ಜೊತೆ ನನಗೆ ಮಾತೇ ಬೇಡ. ಕೊಡವರ ಕೈಲ್ ಪೋಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಹೂವಿಟ್ಟು ಪೂಜೆ ಮಾಡುವ ಮನೆಯ ಕೋವಿಗೂ ಇದಕ್ಕೂ ಸಂಬಂಧವಿಲ್ಲ. ಕೊಲ್ಲುವ ಸಾಧನವನ್ನು ಮೆಚ್ಚುವುದೇ ತಪ್ಪು ಎನ್ನುವವರ ಆಕ್ಷೇಪ ನಳಿಗೆಯ ಕುರಿತ ಆಕ್ಷೇಪಕ್ಕಿಂತ ಗಂಭೀರವಾದದ್ದು. ಅವರಿಗೆ ಹೇಳಬಹುದಾದದ್ದು ಇಷ್ಟೇ: ನಾನು ಮೆಚ್ಚುವ ಕುಶಲತೆ ಗುಂಡು ಹಾರುವುದರಲ್ಲಿ ಇಲ್ಲ, ಮದ್ದು ಕಾಣದೆ ಗೋಡೆಗೆ ನೇತುಬಿದ್ದ ಕೋವಿಯಲ್ಲೂ ಅದು ಪೂರ್ತಿಯಾಗಿ ಇರುತ್ತದೆ.

ನೇತುಹಾಕಿದ ಕೋವಿಗಳ ಮಾತು ಬಂದಾಗ ತಂಜಾವೂರಿನ ನೆನಪು ಕಾಡುತ್ತದೆ. 1855ರಲ್ಲಿ ಗಂಡು ವಾರಸುದಾರರಿಲ್ಲವೆಂದು ಈಸ್ಟ್ ಇಂಡಿಯಾ ಕಂಪನಿ ಆ ರಾಜ್ಯವನ್ನು ನುಂಗಿತು. ಮುಂದಿನ ದಶಕದಲ್ಲಿ ಅರಮನೆಯ ಆಯುಧಶಾಲೆಯನ್ನು ಬರಿದು ಮಾಡಿ, ರಾಶಿ ರಾಶಿ ಆಯುಧಗಳನ್ನು ಒಡೆದು ಹಳೇ ಲೋಹವಾಗಿ ಮಾರಿದರು. ಆಯ್ದ ಕೆಲವು ಮಾತ್ರ ಮದರಾಸಿಗೆ ಬಂದು ಉಳಿದವು. ಆಯುವವರ ಕಣ್ಣು ಬಿದ್ದದ್ದು ಉಕ್ಕಿನ ಮೇಲೆ, ಹಿಡಿಯ ಕೆತ್ತನೆಯ ಮೇಲೆ, ಬೆಳ್ಳಿ ಬಂಗಾರದ ಕೆಲಸದ ಮೇಲೆ. ಇವತ್ತಿಗೂ ಆಯುಧಗಳ ಪುಸ್ತಕಗಳಲ್ಲಿ ಕೋವಿಯ ಚಿತ್ರ ಇರುವುದು ಬಹುಮಟ್ಟಿಗೆ ಬಲಮಗ್ಗುಲಿನದೇ; ಉದ್ದ ಇಷ್ಟು, ನಳಿಗೆಯ ಬಾಯಿ ಇಷ್ಟು, ಕಾಲ ಇದು ಎಂದು ಬರೆದು ಮುಗಿಸುತ್ತಾರೆ. ಕಟ್ಟು ಬಿಚ್ಚಿ ನಳಿಗೆ ಎತ್ತಿದರೆ ಕಾಣುವ ಕಾಲುವೆ ಯಾರಿಗೂ ಬೇಡ. ಮಾಡಿದವನು ಯಾವ ಅಗಲದ ಉಳಿ ಹಿಡಿದಿದ್ದ, ಮರದ ಎಳೆ ತಿರುಗಿದ ಕಡೆ ಎದುರಿನಿಂದ ಕೆತ್ತಿದನೋ ಅವಸರಪಟ್ಟನೋ, ಮಸಿಯನ್ನೇ ಬಳಸಿದನೋ ಬೇರೇನಾದರೂ ಸವರಿದನೋ, ಇವೆಲ್ಲಕ್ಕೂ ಉತ್ತರ ಅಲ್ಲಿರಬಹುದು. ಬತ್ತಿ ಕೋವಿಯ ನಳಿಗೆಯನ್ನು ಹಿಡಿದಿರುವುದು ಬರೀ ಕಟ್ಟು. ಎಗ್ಮೋರಿನ ವಸ್ತುಸಂಗ್ರಹಾಲಯದಲ್ಲಿ ನುರಿತ ಸಂರಕ್ಷಕರು ಹಾನಿಯಿಲ್ಲದೆ ಬಿಚ್ಚಬಹುದಾದ ಒಂದನ್ನಾದರೂ ಆರಿಸಿ, ತೋಡಿದ ಭಾಗದ ಚಿತ್ರ ತೆಗೆದು, ಕೋವಿಯ ಪಕ್ಕದಲ್ಲೇ ಅದೇ ಅಳತೆಯಲ್ಲಿ ತೂಗುಹಾಕಬೇಕು.